ಸಿಂಹಾಸನದ ಮುಂದೆ ಹರಿದ ಪತ್ರ

ಎಲ್ಲಿಯೂ ಇಲ್ಲದ ರಾಜ್ಯವೊಂದರ ರಾಜಕಾರಣವನ್ನು ಕುರಿತು, ದಿನವೆಲ್ಲ ತಮ್ಮ ತಮ್ಮ ಉದ್ಯೋಗಗಳಲ್ಲಿ ದಣಿದು ಬಂದ ಹಿರಿಯರು ರಾತ್ರಿಯ ಊಟವಾದ ಮೇಲೆ ಗಂಟೆಗಟ್ಟಲೆ ವಾದಿಸುವುದನ್ನು ಕಂಡು ಅದನ್ನು ಬರಿಯ ಕಾಲಹರಣವೆಂದು ಎಣಿಸುವವರುಂಟು. ನನಗೆ ಹಾಗೆ ತೋರಿಲ್ಲ. 2011ರಿಂದ 2019ರವರೆಗೆ 73 ಕಂತುಗಳಲ್ಲಿ ಪ್ರಸಾರವಾದ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯನ್ನು ಹಿಡಿದು ನಮ್ಮ ಮಿತ್ರಮಂಡಲಿಯಲ್ಲಿ ನಡೆದ, ಇನ್ನೂ ನಡೆಯುತ್ತಲೇ ಇರುವ ಚರ್ಚೆಗಳು, ಅಧಿಕಾರವು ಯಾವುದರ ಆಧಾರದ ಮೇಲೆ ನಿಲ್ಲುತ್ತದೆಂಬ ಪುರಾತನ ಪ್ರಶ್ನೆಯನ್ನು ನನ್ನ ಪಾಲಿಗೆ ಜೀವಂತವಾಗಿ ಉಳಿಸಿವೆ. ಕಥೆಯ ಮೂಲಕರ್ತೃವಾದ ಜಾರ್ಜ್ ಆರ್. ಆರ್. ಮಾರ್ಟಿನ್ನರು ಹದಿನೈದನೆಯ ಶತಮಾನದ ಇಂಗ್ಲೆಂಡಿನಲ್ಲಿ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ವಂಶಗಳು ಕಿರೀಟಕ್ಕಾಗಿ ಕಾದಾಡಿದ ಇತಿಹಾಸದಿಂದ ಸ್ಫೂರ್ತಿ ಪಡೆದವರಾದುದರಿಂದ, ಡ್ರ್ಯಾಗನ್ನುಗಳು ಹಾರಾಡುವ ಆ ಲೋಕದಲ್ಲಿಯೂ ಮನುಷ್ಯರ ಆಶೆ ಭಯಗಳು ಮಾತ್ರ ಸಂಪೂರ್ಣವಾಗಿ ನಮ್ಮವೇ ಆಗಿವೆ.

ದೊರೆ ರಾಬರ್ಟನ ಪ್ರಧಾನಿಯಾದ ನೆಡ್ ಸ್ಟಾರ್ಕನು ಮೂರ್ಖನೋ ಮಹಾನುಭಾವನೋ ಎಂಬುದು ನಮ್ಮೊಳಗಿನ ಮುಗಿಯದ ವ್ಯಾಜ್ಯ. ರಾಣಿ ಸರ್ಸೀಯ ಮಕ್ಕಳು ದೊರೆಗೆ ಹುಟ್ಟಿದವರಲ್ಲವೆಂಬ ರಹಸ್ಯವನ್ನು ಅರಿತ ಆತನು, ಆ ಮಕ್ಕಳ ಪ್ರಾಣ ಉಳಿಯಲೆಂಬ ಕರುಣೆಯಿಂದ, ದೊರೆ ಬೇಟೆಯಿಂದ ಹಿಂದಿರುಗುವ ಮುನ್ನ ಓಡಿಹೋಗೆಂದು ಆಕೆಗೇ ಎಚ್ಚರಿಕೆ ಕೊಡುತ್ತಾನೆ. ಆ ಕರುಣೆಗಾಗಿ ತನ್ನ ತಲೆಯನ್ನೇ ತೆರುತ್ತಾನೆ. ವಿವೇಕವಿಲ್ಲದ ಧರ್ಮವು ಧರ್ಮವೇ ಅಲ್ಲವೆಂದು ಕೆಲವರ ವಾದ. ಆದರೆ ನನ್ನ ಮನಸ್ಸು ಮರಳಿ ಮರಳಿ ಹೋಗಿ ನಿಲ್ಲುವುದು ಬೇರೊಂದು ದೃಶ್ಯದಲ್ಲಿ. ಕಾಡುಹಂದಿಯ ದಾಡೆಗೆ ಸಿಕ್ಕಿ ಸಾಯುತ್ತಿದ್ದ ದೊರೆ ರಾಬರ್ಟನು, ಯುವರಾಜನು ಪ್ರಾಯಕ್ಕೆ ಬರುವವರೆಗೆ ರಾಜ್ಯಭಾರ ನೆಡ್‌ನದೆಂದು ಬರೆಯಿಸಿ ರುಜು ಹಾಕಿದ ಪತ್ರವನ್ನು, ವೃದ್ಧ ಅಂಗರಕ್ಷಕ ಬ್ಯಾರಿಸ್ಟನ್ ಸೆಲ್ಮಿಯು ತುಂಬಿದ ಆಸ್ಥಾನದಲ್ಲಿ ಗಟ್ಟಿಯಾಗಿ ಓದುತ್ತಾನೆ. ಸರ್ಸೀ ಕೈನೀಡಿ ಅದನ್ನು ತೆಗೆದುಕೊಳ್ಳುತ್ತಾಳೆ, ನೋಡುತ್ತಾಳೆ, ಹರಿದುಹಾಕುತ್ತಾಳೆ. ಅದು ದೊರೆಯ ಮಾತಲ್ಲವೆ ಎಂದು ಆ ಮುದುಕನೊಬ್ಬನು ಬೆರಗಿನಿಂದ ಹೇಳುತ್ತಾನೆ. ಮಿಕ್ಕವರ ಬಾಯಿಂದ ಒಂದು ಸೊಲ್ಲೂ ಹೊರಡುವುದಿಲ್ಲ. ದ್ಯೂತಸಭೆಯಲ್ಲಿ ಭೀಷ್ಮಾದಿಗಳು ಮೂಕರಾಗಿ, ಕೌರವರಲ್ಲಿ ವಿಕರ್ಣನೊಬ್ಬನು ಮಾತಾಡಿದುದನ್ನು ಬಲ್ಲ ನಮಗೆ ಆ ಮೌನವು ಅಪರಿಚಿತವಾದುದಲ್ಲ.

ವಕೀಲಿ ವೃತ್ತಿಯ ಮಿತ್ರರೊಬ್ಬರು ಇದಕ್ಕೆ ಬಲವಾದ ಆಕ್ಷೇಪವೆತ್ತಿದರು: “ಆ ಪತ್ರವೇನು ಶುದ್ಧವಾದುದೆ, ಸ್ವಾಮಿ? ದೊರೆ ಹೇಳಿದ್ದು ಯುವರಾಜ ಜಾಫ್ರಿಯ ಹೆಸರನ್ನು. ನಿಮ್ಮ ಸತ್ಯಸಂಧ ಬರೆದದ್ದು ನ್ಯಾಯವಾದ ಉತ್ತರಾಧಿಕಾರಿ ಎಂದು. ಸಾಲದ್ದಕ್ಕೆ ನಗರದ ಕಾವಲುಪಡೆಯನ್ನು ದುಡ್ಡು ಕೊಟ್ಟು ಕೊಳ್ಳುವುದಕ್ಕೂ ಒಪ್ಪಿದ್ದ!” ಮಾತು ನಿಜ. ಸತ್ಯಸಂಧನೂ ಕೊನೆಯ ಗಳಿಗೆಯಲ್ಲಿ ಕೊಂಡ ಕತ್ತಿಗಳನ್ನೇ ನೆಚ್ಚಬೇಕಾಯಿತೆಂಬುದೂ, ಆ ಕತ್ತಿಗಳು ಆತನ ಪರಿವಾರದ ಕಡೆಗೇ ತಿರುಗಿದುವೆಂಬುದೂ ನನ್ನ ಒಂದು ನಂಬಿಕೆಯನ್ನು ಮತ್ತಷ್ಟು ದೃಢಪಡಿಸುತ್ತವೆ: ಕೊರತೆಯಿದ್ದುದು ಒಬ್ಬ ಮನುಷ್ಯನ ಗುಣದಲ್ಲಲ್ಲ. ಗುಣವಂತನಿಗೆ ಆಸರೆಯಾಗಿ, ದುಷ್ಟನಿಗೆ ತಡೆಯಾಗಿ ನಿಲ್ಲಬಲ್ಲ ಒಂದು ಸಂಸ್ಥೆಯೂ ಆ ರಾಜ್ಯದಲ್ಲಿರಲಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಮಿಕ್ಕ ಪಾತ್ರಗಳ ವಿಷಯದ ವಾದಗಳೂ ಹೊಸ ಅರ್ಥವನ್ನು ತಾಳುತ್ತವೆ. ರಾಬರ್ಟನಿಗೆ ಮುಂಚೆ ಆಳಿದ ದೊರೆಯನ್ನು ಅವನ ಅಂಗರಕ್ಷಕನಾಗಿದ್ದೇ ಕೊಂದ ಜೇಮಿ ಲ್ಯಾನಿಸ್ಟರನನ್ನು ರಾಜಘಾತಕನೆಂದು ಲೋಕವೆಲ್ಲ ಹಳಿಯುತ್ತದೆ. ಆದರೆ ಉನ್ಮತ್ತನಾದ ಆ ದೊರೆ ಇಡೀ ರಾಜಧಾನಿಯನ್ನು ಸುಟ್ಟುಬಿಡಲು ಅಪ್ಪಣೆ ಮಾಡಿದ್ದನೆಂಬುದು ಬಹುಕಾಲದ ಮೇಲೆ, ಹ್ಯಾರೆನ್‌ಹಾಲಿನ ಸ್ನಾನಗೃಹದಲ್ಲಿ, ವೀರಾಂಗನೆ ಬ್ರಿಯೆನ್ನಳೆದುರು ಅವನ ಬಾಯಿಂದ ಹೊರಬೀಳುತ್ತದೆ. ಹುಚ್ಚು ದೊರೆಯನ್ನು ಕೆಳಗಿಳಿಸಲು ಧರ್ಮಸಮ್ಮತವಾದ ಮಾರ್ಗವೊಂದೂ ಇಲ್ಲದಲ್ಲಿ, ನಗರವನ್ನು ಉಳಿಸಲು ಅಂಗರಕ್ಷಕನೇ ತನ್ನ ಪ್ರತಿಜ್ಞೆಯನ್ನು ಮುರಿಯಬೇಕಾಗುತ್ತದೆ. ಆ ಹುಚ್ಚು ದೊರೆಯ ಮಗಳಾದ ಡೆನೇರಿಸಳ ಕಥೆಯೂ ಇದೇ. 163 ಗುಲಾಮ ಮಕ್ಕಳನ್ನು ದಾರಿಯುದ್ದಕ್ಕೂ ಕಂಬಗಳಿಗೆ ಹೊಡೆಯಿಸಿದ ಮೆರೀನ್ ನಗರದ ಒಡೆಯರಲ್ಲಿ ಅಷ್ಟೇ ಮಂದಿಯನ್ನು ಆಕೆ ಶಿಲುಬೆಗೇರಿಸಿದಾಗ ನಾವೆಲ್ಲ ಹರ್ಷಪಟ್ಟೆವು. ತನ್ನ ತಂದೆ ಆ ಶಿಶುಹತ್ಯೆಯನ್ನು ವಿರೋಧಿಸಿದವನು, ಆದರೂ ಅವನನ್ನು ಕೊಲ್ಲಲಾಯಿತೆಂದು ಮಗನೊಬ್ಬನು ಆಕೆಯ ಮುಂದೆ ಬಂದು ನಿವೇದಿಸಿಕೊಂಡಾಗಲೇ, ವಿಚಾರಣೆಯಿಲ್ಲದ ನ್ಯಾಯದ ರೂಪವು ಕಣ್ಣಿಗೆ ಕಾಣುವುದು. ಕೊನೆಗೆ ಶರಣಾಗತವಾದ ರಾಜಧಾನಿಯನ್ನೇ ಆಕೆ ಸುಟ್ಟುದು ಕಥೆಗಾರರ ಆತುರದ ಫಲವೆಂದು ವಾದಿಸುವವರ ಮಾತಿನಲ್ಲಿ ಹುರುಳಿದೆ. ಕಡೆಯ ಕಂತುಗಳು ಅವಸರದವೇ. ಆದರೂ ಆಕೆಯನ್ನು ತಡೆಯಬಲ್ಲವರು ಯಾರಿದ್ದರು?

ಇತಿಹಾಸವು ಇದಕ್ಕೆ ಒಂದು ಉತ್ತರವನ್ನು ಇತ್ತಿದೆ. 1215ರಲ್ಲಿ ಥೇಮ್ಸ್ ನದಿಯ ಬಳಿಯ ರನ್ನಿಮೀಡ್ ಎಂಬಲ್ಲಿ ಇಂಗ್ಲೆಂಡಿನ ದೊರೆ ಜಾನನು ತನ್ನ ಅಧಿಕಾರಕ್ಕೆ ಮಿತಿಯನ್ನೊಪ್ಪಿ ಮುದ್ರೆಯೊತ್ತಿದ ‘ಮ್ಯಾಗ್ನಾ ಕಾರ್ಟಾ’ವನ್ನು ಅದೇ ವರ್ಷ ಪೋಪರು ರದ್ದುಗೊಳಿಸಿದರು. ಅದೂ ಹರಿದ ಪತ್ರವೇ. ಆದರೆ 1216ರಲ್ಲಿ, 1217ರಲ್ಲಿ, ಮತ್ತೆ 1225ರಲ್ಲಿ ಅದನ್ನು ಹೊರಡಿಸಲಾಯಿತು. ಅದರ ಬೆನ್ನಿಗೆ ನಿಲ್ಲುವ ಜನರು ತಲೆಮಾರುಗಳವರೆಗೆ ದೊರೆತುದರಿಂದ ಅದು ಬದುಕಿತು. ನಮ್ಮ ಧಾರಾವಾಹಿಯ ಕೊನೆಯ ಕಂತಿನಲ್ಲಾದರೋ, ದೊರೆಯನ್ನು ಪ್ರಜೆಗಳೇ ಆರಿಸಲಿ ಎಂದು ಸ್ಯಾಮ್‌ವೆಲ್ ಟಾರ್ಲಿಯು ಸಂಕೋಚದಿಂದ ಸೂಚಿಸಿದಾಗ ಪ್ರಭುಗಳೆಲ್ಲ ನಗುತ್ತಾರೆ. ಬರೆದ ಸಂವಿಧಾನದ ಆಶ್ರಯದಲ್ಲಿ ಬಾಳುವ ನಾವು ಆ ನಗೆಯಲ್ಲಿ ಸೇರಬಾರದು. ಯಾರು ಸಿಂಹಾಸನಕ್ಕೆ ಅರ್ಹರೆಂದು ನಮ್ಮ ಮಿತ್ರರು ವಾದಕ್ಕೆ ತೊಡಗಿದಾಗಲೆಲ್ಲ ನಾನು ಕೇಳುವ ಪ್ರಶ್ನೆ ಬೇರೆ: ಪತ್ರವನ್ನು ಹರಿಯುತ್ತಿರುವಾಗ ಆ ಸಭೆಯಲ್ಲಿ ನಾವಿದ್ದಿದ್ದರೆ ಬಾಯಿಬಿಡುತ್ತಿದ್ದೆವೆ? ಒಳ್ಳೆಯ ದೊರೆಗಾಗಿ ಹಂಬಲಿಸುವುದಕ್ಕಿಂತ, ಈ ಪ್ರಶ್ನೆಗೆ ಹೌದೆನ್ನಬಲ್ಲ ಪ್ರಜೆಗಳಾಗುವುದೇ ಹೆಚ್ಚಿನ ಕಾರ್ಯವೆಂದು ನಾನು ನಂಬಿದ್ದೇನೆ.