ಭವಿಷ್ಯನಿಧಿಯ ಹಣ ಮತ್ತು ಸತ್ಯಾಣುವ್ರತ

ಸತ್ಯಾಣುವ್ರತಕ್ಕೆ ತಗಲುವ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಅವುಗಳಲ್ಲಿ ಮೂರು ಇಂದಿನ ಗೃಹಸ್ಥನ ಲೆಕ್ಕಪತ್ರಗಳಿಗೆ ನೇರವಾಗಿ ಅನ್ವಯಿಸುತ್ತವೆ. ತಪ್ಪು ದಾರಿಗೆಳೆಯುವ ಉಪದೇಶ ಮಿಥ್ಯೋಪದೇಶ. ಸುಳ್ಳನ್ನು ಬರಹಕ್ಕಿಳಿಸುವುದು ಕೂಟಲೇಖಕ್ರಿಯೆ. ನಂಬಿ ಒಪ್ಪಿಸಿದ ಹಣವನ್ನು ನುಂಗಿಹಾಕುವುದು ನ್ಯಾಸಾಪಹಾರ. ಈ ಮೂರಕ್ಕೂ ಒಂದೇ ಕಡೆ ಅವಕಾಶ ದೊರೆಯುವ ವ್ಯವಹಾರವೊಂದಿದೆ. ಅದೇ ನೌಕರರ ಭವಿಷ್ಯನಿಧಿ.

ದೊಡ್ಡಬಳ್ಳಾಪುರದ ಮಗ್ಗುಲಲ್ಲಿರುವ ಬಾಶೆಟ್ಟಿಹಳ್ಳಿ ಇಂದು ಕೈಗಾರಿಕಾ ಪ್ರದೇಶ. ಇಂಥ ಊರಿನ ಕಾರ್ಖಾನೆಗಳಲ್ಲಿ ದುಡಿಯುವವರು ಒಂದೆಡೆ ಬಹುಕಾಲ ನಿಲ್ಲುವುದು ಅಪರೂಪ. ಮದುವೆ, ಹೆರಿಗೆ, ಊರಿನ ಕರೆ, ಹೆಚ್ಚಿನ ಸಂಬಳದ ಆಸೆ ಹೀಗೆ ಕೆಲಸ ಬಿಡಲು ಕಾರಣಗಳು ಅನೇಕ. ಬಿಟ್ಟಾಗ ಕೈಗೆ ಬರುವ ದೊಡ್ಡ ಮೊತ್ತವೆಂದರೆ ಭವಿಷ್ಯನಿಧಿಯೇ. ಸಾಮಾನ್ಯವಾಗಿ ವೇತನದ ಶೇ. 12ರಷ್ಟು ನೌಕರನಿಂದ, ಅಷ್ಟೇ ಮಾಲೀಕನಿಂದ ಸಂದಾಯವಾಗುತ್ತದೆ. ಮಾಲೀಕನ ಪಾಲಿನ ಒಂದಂಶ ಪಿಂಚಣಿಗೆ ಹೋಗುತ್ತದೆ. ಈ ಹಣ ಬಡವರಿಗೆ ಎಷ್ಟು ದೊಡ್ಡದೆಂಬುದು 2016ರಲ್ಲಿ ಕಂಡುಬಂದಿತು. ಮಾಲೀಕನ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯಬಾರದೆಂಬ ಆ ವರ್ಷದ ಫೆಬ್ರವರಿಯ ಅಧಿಸೂಚನೆಯನ್ನು ವಿರೋಧಿಸಿ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಸಿದ್ಧ ಉಡುಪು ಕಾರ್ಮಿಕರು, ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು, ಬೀದಿಗಿಳಿದರು. 19ರಂದು ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಹಣ ತೆಗೆಯುವ ಹಕ್ಕಿನ ವಿಚಾರ ಹೀಗೆ ಮನೆಮನೆಗೂ ತಿಳಿಯಿತು. ಆದರೆ ತೆಗೆದ ಹಣವನ್ನು ಆದಾಯ ತೆರಿಗೆಯ ರಿಟರ್ನಿನಲ್ಲಿ ಹೇಗೆ ತೋರಿಸಬೇಕೆಂಬುದು ಓದಿದವರಿಗೂ ಅಷ್ಟಾಗಿ ತಿಳಿದಿಲ್ಲ. ಐದು ವರ್ಷಗಳ ನಿರಂತರ ಸೇವೆಯ ನಂತರ ಪಡೆದ ಮೊತ್ತಕ್ಕೆ ಸಾಮಾನ್ಯವಾಗಿ ತೆರಿಗೆಯಿಲ್ಲ. ಅದಕ್ಕೆ ಮೊದಲೇ ತೆಗೆದರೆ ಮಾಲೀಕನ ಪಾಲು ಮತ್ತು ಅದರ ಬಡ್ಡಿ ವೇತನದ ಆದಾಯವೆನಿಸುತ್ತವೆ. ನೌಕರನ ಪಾಲಿನ ಬಡ್ಡಿ ಇತರ ಮೂಲದ ಆದಾಯವೆನಿಸುತ್ತದೆ. ನೌಕರನ ಸ್ವಂತ ಪಾಲು ಆದಾಯವಲ್ಲ. ಆದರೆ ಅದರ ಮೇಲೆ ಹಿಂದಿನ ವರ್ಷಗಳಲ್ಲಿ ಪಡೆದ ತೆರಿಗೆಯ ರಿಯಾಯಿತಿಯನ್ನು ಮತ್ತೆ ಲೆಕ್ಕಕ್ಕೆ ತರಬೇಕಾಗುತ್ತದೆ. 2026ರ ಏಪ್ರಿಲ್ 1ರಿಂದ ಜಾರಿಯಾಗುವಂತೆ ರಚಿತವಾದ 2025ರ ಆದಾಯ ತೆರಿಗೆ ಕಾಯಿದೆಯೂ ಐದು ವರ್ಷಗಳ ಈ ನಿಯಮವನ್ನು ಉಳಿಸಿಕೊಂಡಿದೆ.

ಕಾನೂನು ಇಲ್ಲಿ ಕರುಣೆಯಿಲ್ಲದ್ದಲ್ಲ. ಅನಾರೋಗ್ಯದಿಂದಲೋ, ಕಾರ್ಖಾನೆ ಮುಚ್ಚಿದ್ದರಿಂದಲೋ, ತನ್ನ ಕೈಮೀರಿದ ಅನ್ಯ ಕಾರಣದಿಂದಲೋ ಕೆಲಸ ಕಳೆದುಕೊಂಡವನಿಗೆ ಐದು ವರ್ಷ ತುಂಬದಿದ್ದರೂ ವಿನಾಯಿತಿಯುಂಟು. ಹೊಸ ಕೆಲಸಕ್ಕೆ ಸೇರಿದವನು ಹಳೆಯ ಖಾತೆಯ ಹಣವನ್ನು ಹೊಸದಕ್ಕೆ ವರ್ಗಾಯಿಸಿದರೆ ಹಿಂದಿನ ಸೇವೆಯೂ ಎಣಿಕೆಗೆ ಬರುತ್ತದೆ. ನಾಲ್ಕು ವರ್ಷ ದುಡಿದು ಬೇರೆಡೆ ಸೇರುವ ತರುಣನಿಗೆ ಹಿರಿಯರು ಹೇಳಬೇಕಾದ ಮೊದಲ ಮಾತು ಇದೇ.

2015ರ ಜೂನ್‌ನಿಂದ ಇಂತಹ ಅಕಾಲಿಕ ಪಾವತಿಯಲ್ಲಿ ಶೇ. 10ರಷ್ಟು ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳುವ ಕ್ರಮ ಬಂದಿತು. 2016ರಲ್ಲಿ ಅದರ ಮಿತಿಯನ್ನು 30,000ದಿಂದ 50,000 ರೂಪಾಯಿಗೆ ಏರಿಸಲಾಯಿತು. ಮಿತಿಗಿಂತ ಕಡಿಮೆ ಬಂದುದರಿಂದ ತೆರಿಗೆ ಮುರಿಯಲಿಲ್ಲ, ಆದ್ದರಿಂದ ತೋರಿಸಬೇಕಾಗಿಲ್ಲ ಎಂಬುದು ಒಂದು ಭ್ರಮೆ. ಮುರಿದುಕೊಂಡಾಯಿತು, ಇನ್ನು ಹೇಳುವುದೇನಿದೆ ಎಂಬುದು ಇನ್ನೊಂದು ಭ್ರಮೆ. ಮುರಿತವು ಮುಂಗಡ ಮಾತ್ರ. ನಿಜವಾದ ಲೆಕ್ಕ ರಿಟರ್ನಿನಲ್ಲಿಯೇ ಆಗಬೇಕು.

ಈ ಎರಡನೆಯ ಭ್ರಮೆಯಿಂದ ನಷ್ಟವಾಗುವುದು ಬಡವರಿಗೆ. ಹೊಲಿಗೆಯ ಕೆಲಸ ಬಿಟ್ಟ ಹೆಣ್ಣುಮಗಳೊಬ್ಬಳಿಗೆ 80,000 ರೂಪಾಯಿ ಬರಬೇಕಿದ್ದು 8,000 ಮುರಿದು ಉಳಿದುದು ಕೈಸೇರಿತೆಂದು ಭಾವಿಸಬಹುದು. ವರ್ಷದ ಒಟ್ಟು ಆದಾಯ ತೆರಿಗೆಯ ಮಟ್ಟಕ್ಕೆ ಏರದಿದ್ದರೆ ಆ 8,000 ಅವಳದೇ. ಆದರೆ ರಿಟರ್ನ್ ಸಲ್ಲಿಸದೆ ಅದು ಮರಳಿ ಬಾರದು. ಸತ್ಯವನ್ನು ಬರೆಯುವುದು ಸರ್ಕಾರಕ್ಕೆ ಕೊಡುವುದಕ್ಕಷ್ಟೇ ಅಲ್ಲ, ತನಗೆ ನ್ಯಾಯವಾಗಿ ಬರಬೇಕಾದುದನ್ನು ಪಡೆಯುವುದಕ್ಕೂ ಬೇಕು.

ಅತಿಚಾರಗಳು ಸುಳಿಯುವುದು ಈ ಹಾದಿಯಲ್ಲಿಯೇ. ತನ್ನ ಆದಾಯಕ್ಕೆ ತೆರಿಗೆ ಬಾರದೆಂದು ಸಹಿ ಮಾಡಿಕೊಡುವ ಘೋಷಣೆಯೊಂದುಂಟು; 1961ರ ಕಾಯಿದೆಯ ಕಾಲದಲ್ಲಿ ಅದು 15ಜಿ ನಮೂನೆಯೆಂದು ಹೆಸರಾಯಿತು. ಹೊಲಿಗೆಯ ಆ ಹೆಣ್ಣುಮಗಳಿಗೆ ಅದು ನ್ಯಾಯವಾದ ರಕ್ಷೆ. ಅದೇ ಕಾಗದಕ್ಕೆ ತೆರಿಗೆ ಕಟ್ಟಬೇಕಾದ ಅಧಿಕಾರಿಯೊಬ್ಬ ಸಹಿ ಮಾಡಿದರೆ ಅದು ಕೂಟಲೇಖ. “ಎಲ್ಲರೂ ಹೀಗೆಯೇ ಬರೆಯುತ್ತಾರೆ, ನೀವೂ ಬರೆಯಿರಿ” ಎಂದು ಕೈಹಿಡಿದು ಬರೆಸುವ ಮಧ್ಯವರ್ತಿಯದು ಮಿಥ್ಯೋಪದೇಶ. ತಾನಾಗಿ ಕೆಲಸ ಬಿಟ್ಟವನು ಅನಾರೋಗ್ಯವೆಂದು ಬರೆದರೂ, ಮಾಲೀಕ ಅದನ್ನು ತಿಳಿದೇ ಒಪ್ಪಿದರೂ ದೋಷ ಇಬ್ಬರದೂ ಹೌದು.

ನ್ಯಾಸಾಪಹಾರದ ಮಾತು ಕೆಲಸ ಕೊಡುವವರಿಗೆ ಸಲ್ಲತಕ್ಕದ್ದು. ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರುಳ್ಳ ಸಂಸ್ಥೆಗೆ ಭವಿಷ್ಯನಿಧಿ ಕಡ್ಡಾಯ. ನೌಕರನ ವೇತನದಿಂದ ಮುರಿದ ಹಣ ಮಾಲೀಕನ ಕೈಯಲ್ಲಿ ಕೆಲವು ದಿನ ಇರುವ ನ್ಯಾಸವೇ ಹೊರತು ಬಂಡವಾಳವಲ್ಲ. ಅದನ್ನು ಕಟ್ಟದೆ ವ್ಯಾಪಾರಕ್ಕೆ ತೊಡಗಿಸಿ ಪರ್ವಕಾಲದಲ್ಲಿ ದಾನ ನೀಡಿದರೆ ಆ ದಾನದ ಫಲವೇನು? ಬಸದಿಯ ಟ್ರಸ್ಟುಗಳೂ, ಶಾಲೆ ಛತ್ರಗಳನ್ನು ನಡೆಸುವ ಸಂಸ್ಥೆಗಳೂ ತಮ್ಮ ಅಡುಗೆಯವರ, ಕಾವಲುಗಾರರ ಲೆಕ್ಕವನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ದಾನಗಳಲ್ಲಿ ಜ್ಞಾನದಾನಕ್ಕೆ ಹಿರಿಯ ಸ್ಥಾನವಿದೆ. ಸಮಾಜದಲ್ಲಿ ಲೆಕ್ಕಪರಿಶೋಧಕರೂ ವಾಣಿಜ್ಯಶಾಸ್ತ್ರ ಓದಿದ ಯುವಕರೂ ಕಡಿಮೆಯಿಲ್ಲ. ರಿಟರ್ನ್ ಸಲ್ಲಿಸುವ ತಿಂಗಳುಗಳಲ್ಲಿ ವಾರಕ್ಕೊಂದು ಸಂಜೆ ಟ್ರಸ್ಟಿನ ಜಗಲಿಯಲ್ಲಿ ಕುಳಿತು, ಜಾತಿಮತ ಕೇಳದೆ, ಕೆಲಸಗಾರರ ಪಾಸ್‌ಬುಕ್ ನೋಡಿ ಸರಿಯಾದ ಅಂಕಣದಲ್ಲಿ ಸರಿಯಾದ ಅಂಕಿಯನ್ನು ಬರೆಸಿಕೊಟ್ಟರೆ ಅದು ಜ್ಞಾನದಾನವೇ ಆದೀತು. ಮಿಥ್ಯೋಪದೇಶಕ್ಕೆ ಅದೇ ತಕ್ಕ ಮದ್ದು.