ಬೋರ್ಡು ಬದಲಾಯಿತು

2017ರ ಏಪ್ರಿಲ್ 1ರಂದು ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. 1913ರಲ್ಲಿ ಹುಟ್ಟಿದ ಬ್ಯಾಂಕು! ಕೋಲಾರದಲ್ಲಿ ಬೋರ್ಡು ಬದಲಾದಾಗ ನನಗೆ ತವರಿನ ಬಾಗಿಲು ಮುಚ್ಚಿದಷ್ಟು ಸಂಕಟ. "ದುಡ್ಡು ಎಲ್ಲೂ ಹೋಗಿಲ್ಲ ಕಣೇ, ಹೋಗಿದ್ದು ಹೆಸರು ತಾನೇ?" ಎಂದು ನಮ್ಮ ಯಜಮಾನರು ನಕ್ಕರು.

ಮಗಳು ಮಾತ್ರ ನಗಲಿಲ್ಲ. ಮಾಲೂರಿಗೆ ಕೊಟ್ಟ ಹುಡುಗಿ ಅವಳು. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಎಂಜಿನಿಯರ್ ಕೆಲಸ ಮಾಡುತ್ತಾಳೆ. "ಅಮ್ಮ, ನಿನ್ನ ಪಾಸ್‌ಬುಕ್ಕಿನ ಲೆಕ್ಕ ಕೋಲಾರದ ಕಂಪ್ಯೂಟರಿನಲ್ಲಿಲ್ಲ. ದೂರದ ಡಿಸ್ಕುಗಳಲ್ಲಿದೆ. ಆ ಡಿಸ್ಕುಗಳಿಗೂ ದೊಡ್ಡ ಕಂಪ್ಯೂಟರುಗಳಿಗೂ ನಡುವೆ ಸ್ವಿಚ್ ಇರುತ್ತದೆ, ನಮ್ಮ ಬಂಗಾರಪೇಟೆ ಜಂಕ್ಷನ್ ಇದ್ದಹಾಗೆ. ಯಾವ ಗಾಡಿ ಯಾವ ಹಳಿಗೆ ಎಂದು ಅದು ನೋಡಿಕೊಳ್ಳುತ್ತದೆ."

ಈ ಜಂಕ್ಷನ್ ಕಟ್ಟುವವರ ಕಥೆ ನಮ್ಮ ಧಾರಾವಾಹಿಗಳಿಗಿಂತ ಚೆನ್ನಾಗಿದೆ. ಬ್ರೊಕೇಡ್, ಮ್ಯಾಕ್‌ಡೇಟಾ ಎಂಬ ಅಮೆರಿಕದ ಎರಡು ಕಂಪನಿಗಳಿಗೆ ಪೈಪೋಟಿ. 2002ರಲ್ಲಿ ಸಿಸ್ಕೋ ಕಾಲಿಟ್ಟಿತು. 2005ರಲ್ಲಿ ಮ್ಯಾಕ್‌ಡೇಟಾ ಇನ್ನೊಂದು ಕಂಪನಿಯನ್ನು ಕೊಂಡಿತು. 2007ರಲ್ಲಿ ಬ್ರೊಕೇಡ್ ಮ್ಯಾಕ್‌ಡೇಟಾವನ್ನೇ ಕೊಂಡಿತು. 2017ರ ನವೆಂಬರಿನಲ್ಲಿ ಬ್ರೊಕೇಡ್ ಬ್ರಾಡ್‌ಕಾಮ್ ಪಾಲಾಯಿತು. ಈ ಬ್ರಾಡ್‌ಕಾಮ್ ಕೂಡ 2016ರವರೆಗೆ ಅವಾಗೋ ಆಗಿತ್ತು. ಕೊಂಡ ಕಂಪನಿಯ ಹೆಸರನ್ನೇ ತಾನು ಇಟ್ಟುಕೊಂಡಿತು. ಮನೆ ಅಳಿಯ ಮಾವನ ಮನೆ ಹೆಸರು ಹಿಡಿದಹಾಗೆ!

ಕೊನೆಗೆ ಇಂಥ ಫೈಬರ್ ಚಾನೆಲ್ ಸ್ವಿಚ್ ಮಾರುವವರು ಜಗತ್ತಿನಲ್ಲಿ ಇಬ್ಬರೇ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2017ರಲ್ಲಿ ಹೇಳಿತು. ಬ್ರಾಡ್‌ಕಾಮ್ ಸಿಸ್ಕೋಗೂ ಚಿಪ್ ಕೊಡುತ್ತಿತ್ತು. ಅದರಿಂದ ತಿಳಿದ ಸಿಸ್ಕೋ ಗುಟ್ಟು ಬ್ರೊಕೇಡ್ ಕಡೆಯವರ ಕಿವಿಗೆ ಬೀಳಬಾರದೆಂದು ಕಮಿಷನ್ ನಡುವೆ ಗೋಡೆ ಹಾಕಿಸಿತು.

ಶ್ರೀನಿವಾಸಪುರದಲ್ಲಿ ನನ್ನಣ್ಣನಿಗೆ ಮಾವಿನ ತೋಟವಿದೆ. ಒಂದು ಮಂಡಿಯಲ್ಲಿ ಬೆಲೆ ಕುದುರದಿದ್ದರೆ ಇನ್ನೊಂದಕ್ಕೆ ಟೆಂಪೋ ತಿರುಗಿಸುತ್ತಾನೆ. ಎರಡೇ ಮಂಡಿ ಉಳಿದರೆ ಎಷ್ಟು ಸಲ ತಿರುಗಿಸಿಯಾನು? ಕೆಲಸ ಹುಡುಕುವವರ ಪಾಡೂ ಅಷ್ಟೇ.

ಇದು ನನಗೆ ಅರ್ಥವಾದದ್ದು ಮಗಳ ಕಂಪನಿ ಮಾರಾಟವಾದಾಗ. ಅದರ ಹೆಸರು ಇಲ್ಲಿ ಬೇಡ. ಅವಳ ಕೆಲಸ ಉಳಿಯಿತು. ಪಕ್ಕದ ಕುರ್ಚಿಯಲ್ಲಿ ಆರು ವರ್ಷ ಕೂತ ಗೆಳತಿಯದು ಹೋಯಿತು. ಆ ಭಾನುವಾರ ಮಾಲೂರಿಗೆ ಹೋದೆ. "ನಿನ್ನ ಕೆಲಸ ಉಳಿಯಿತಲ್ಲ, ದೇವರು ದೊಡ್ಡವನು" ಎಂದುಬಿಟ್ಟೆ. "ಅವಳಿಗೂ ಸಾಲದ ಮನೆ ಇದೆಯಮ್ಮ" ಎಂದಳು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಅವತ್ತು ಬಾಯಿಗೆ ಮಾತು ಬರಲಿಲ್ಲ. ಸುಮ್ಮನೆ ಹುರುಳಿಕಾಯಿ ಸೋಸುತ್ತ ಕೂತೆ.

ಮೊದಲೆಲ್ಲ ಅವಳ ಮಾತು "ನಮ್ಮ ಕಂಪನಿ" ಎಂದೇ ಶುರುವಾಗುತ್ತಿತ್ತು. ಈಗ ಬರೀ "ಆಫೀಸು" ಎನ್ನುತ್ತಾಳೆ. ನಾನಂತೂ ಇಂದಿಗೂ "ಮೈಸೂರು ಬ್ಯಾಂಕಿಗೆ ಹೋಗಿಬರುತ್ತೇನೆ" ಎಂದೇ ಮನೆಯಿಂದ ಹೊರಡುತ್ತೇನೆ. ಯಜಮಾನರು ಈಗ ನಗುವುದಿಲ್ಲ.