ಎಲ್ ಪಾಸೊದ ಬರಿಯ ಮಾತು



ಅಮೆರಿಕ ಎಂದೊಡನೆ ನಿಮ್ಮ ಕಣ್ಮುಂದೆ ಬರುವುದು ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳು. ಈ ಸಲ ಟೆಕ್ಸಾಸ್ ರಾಜ್ಯದ ಪಶ್ಚಿಮದ ತುದಿಗೆ, ಎಲ್ ಪಾಸೊ ನಗರಕ್ಕೆ ಬನ್ನಿ. ಊರಿನ ಮಧ್ಯಕ್ಕೇ ಚಾಚಿಕೊಂಡ ಫ್ರಾಂಕ್ಲಿನ್ ಬೆಟ್ಟಸಾಲು ಬರೀ ಕಲ್ಲು, ಕುರುಚಲು. ಸುತ್ತ ಚಿವಾವಾ ಮರುಭೂಮಿ. ವರ್ಷಕ್ಕೆ ಬೀಳುವ ಮಳೆ ಸುಮಾರು 9 ಅಂಗುಲ. ರಿಯೊ ಗ್ರಾಂಡೆ ಎಂದರೆ 'ದೊಡ್ಡ ನದಿ'. ಆದರೆ ಇಲ್ಲಿ ಅದು ಎಷ್ಟೋ ತಿಂಗಳು ಬತ್ತಿ ಮರಳಾಗಿರುತ್ತದೆ. ಆಚೆ ದಡ ಮೆಕ್ಸಿಕೋದ ಹ್ವಾರೆಸ್ ನಗರ.

ಟೆನೆಸಿಯ ಹಸಿರು ನಾಡಿನಲ್ಲಿ ಬೆಳೆದ ಕಾದಂಬರಿಕಾರ ಕಾರ್ಮಕ್ ಮೆಕಾರ್ಥಿ (1933–2023) 1976ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. ಸ್ಪ್ಯಾನಿಷ್ ಕಲಿತರು. ಗಡಿ ದಾಟಿ ಹೋಗುವ ಹುಡುಗರ ಕಥೆ 'ಆಲ್ ದ ಪ್ರಿಟಿ ಹಾರ್ಸಸ್' (1992) ಅವರಿಗೆ ಹೆಸರು ತಂದಿತು.

ಅವರ ಪುಟವೂ ಈ ನೆಲದಂತೆಯೇ. ಮಾತಿಗೆ ಉದ್ಧರಣ ಚಿಹ್ನೆಯಿಲ್ಲ. ಅಲ್ಪವಿರಾಮ ಅಪರೂಪ. ಪಾತ್ರಗಳ ದುಃಖವನ್ನು ವಿವರಿಸುತ್ತ ಕೂರುವುದಿಲ್ಲ. ಅವರ ಕೈ ಏನು ಮಾಡಿತು, ಕಣ್ಣು ಏನು ಕಂಡಿತು, ಅಷ್ಟನ್ನೇ ಹೇಳುತ್ತಾರೆ. ಉಳಿದದ್ದು ಓದುವವರ ಪಾಲು.

ಒಮ್ಮೆ ಪುಟ್ಟ ಮಗನೊಂದಿಗೆ ಎಲ್ ಪಾಸೊದ ಹೋಟೆಲೊಂದರಲ್ಲಿ ಇಳಿದಿದ್ದಾಗ, ನಡುರಾತ್ರಿ ಕಿಟಕಿಯ ಬಳಿ ನಿಂತು, ಇನ್ನು 50–100 ವರ್ಷಕ್ಕೆ ಈ ಊರು ಹೇಗಿದ್ದೀತು ಎಂದು ಯೋಚಿಸಿದರಂತೆ. ಬೆಟ್ಟದ ಮೇಲೆ ಬೆಂಕಿ ಉರಿಯುವ ಚಿತ್ರ ಮನಸ್ಸಿಗೆ ಬಂತು. 2007ರ ದೂರದರ್ಶನ ಸಂದರ್ಶನದಲ್ಲಿ ಅವರೇ ಇದನ್ನು ಹೇಳಿದ್ದಾರೆ. ಅದರಿಂದ ಹುಟ್ಟಿದ್ದು 'ದ ರೋಡ್' (2006): ಸುಟ್ಟು ಬೂದಿಯಾದ ಲೋಕದಲ್ಲಿ ನಡೆದು ಹೋಗುವ ಅಪ್ಪ, ಮಗ. ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಅಲ್ಲಿ ಅಪ್ಪ ಮಗನಿಗೆ ಕಂಬಳಿ ಹೊದಿಸಿದರೆ ಸಾಕು, ನಮ್ಮ ಗಂಟಲು ಕಟ್ಟುತ್ತದೆ.

ಇದನ್ನು ನಿಮಗೇ ಏಕೆ ಹೇಳಬೇಕು? "ನಮಗೆ ಬರೋ ಕನ್ನಡ ಇಷ್ಟೇ" ಎಂದು ನಿಮ್ಮಲ್ಲಿ ಹಲವರು ಬರೆಯುವುದನ್ನೇ ಬಿಟ್ಟಿದ್ದೀರಿ. ಮೆಕಾರ್ಥಿಗೆ ಪದಗಳ ಬಡತನವಿರಲಿಲ್ಲ, ನಿಜ. ಬೇಕೆಂದೇ ಕೆಲವನ್ನು ಬದಿಗಿಟ್ಟರು. ಆದರೆ ಕಡಿಮೆ ಮಾತಿನಲ್ಲೂ ತುಂಬು ಭಾವ ಹಿಡಿಸುತ್ತದೆ ಎಂಬುದಕ್ಕೆ ಅವರ ಪುಟಗಳೇ ಸಾಕ್ಷಿ. ಇನ್ನು ಉದ್ಧರಣ ಚಿಹ್ನೆಯ ಕೆಲಸವನ್ನು ನಮ್ಮ 'ಅಂತ', 'ಅಂದಳು' ಎಂದಿನಿಂದಲೂ ಮಾಡುತ್ತಿವೆ. ಅಜ್ಜಿ ಕಥೆ ಹೇಳುವಾಗ ಕಿವಿಗೊಡಿ, ತಿಳಿಯುತ್ತದೆ.

'ದ ರೋಡ್' ಓದಿ. ಆಮೇಲೆ ನಿಮ್ಮ ತಂದೆಯವರ ಊರಿನ ಬಗ್ಗೆ ಹತ್ತು ವಾಕ್ಯ ಬರೆಯಿರಿ. ಬಾವಿ ಎಲ್ಲಿತ್ತು, ಯಾರು ನೀರು ಸೇದುತ್ತಿದ್ದರು, ಈಗ ಅಲ್ಲಿ ಏನಿದೆ. ಇಷ್ಟೇ ಕನ್ನಡ ಸಾಕು.